ಟ್ಯೂಬ್ಯುಲರ್ ಹಾಕಿಸೋದಾ, ಲಿಥಿಯಂ ಹಾಕಿಸೋದಾ? ಮನೆ ಬ್ಯಾಟರಿ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ (ದಾವಣಗೆರೆಯಿಂದ): ಸರ್, ನಮ್ಮ ಮನೆಯ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಐದು ವರ್ಷಕ್ಕೆ ಕೈಕೊಟ್ಟಿದೆ. ಅಂಗಡಿಯಲ್ಲಿ ಅದೇ ಟ್ಯೂಬ್ಯುಲರ್ ಆದರೆ 16 ಸಾವಿರ, ಲಿಥಿಯಂ ಆದರೆ 32 ಸಾವಿರ ಅಂತಾರೆ. ಲಿಥಿಯಂ ಮೇಲೆ ನೋಡಿದರೆ 100 ಎಎಚ್ ಅಂತ ಬರೆದಿದೆ. ದುಡ್ಡು ಡಬಲ್, ಬ್ಯಾಟರಿ ಚಿಕ್ಕದು. ಇದು ಮೋಸ ಅಲ್ವಾ? ದಿನಕ್ಕೆ ಹೆಚ್ಚೂಕಮ್ಮಿ ಒಂದು ಗಂಟೆ ಕರೆಂಟ್ ಹೋಗುತ್ತೆ. ಮೂರು ಫ್ಯಾನ್, ಆರು ಬಲ್ಬ್, ಟಿವಿ, ವೈಫೈ ಓಡಬೇಕು.

ಉತ್ತರ: ಮೋಸ ಅಲ್ಲ. ಆದರೆ ನಿಮಗೆ ಅರ್ಧ ಲೆಕ್ಕ ಮಾತ್ರ ಹೇಳಿದ್ದಾರೆ. ಎಎಚ್, ಅಂದರೆ ಆಂಪಿಯರ್ ಅವರ್, ಬಿಟ್ಟುಬಿಡಿ. ಕರೆಂಟ್ ಬಿಲ್‌ನಲ್ಲಿ ಯೂನಿಟ್ ಅಂತ ಬರುತ್ತದಲ್ಲ, ಅದರಲ್ಲೇ ಲೆಕ್ಕ ಹಾಕಿ. ವೋಲ್ಟ್ ಮತ್ತು ಎಎಚ್ ಗುಣಿಸಿ, ಸಾವಿರದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ನಿಮ್ಮ ಟ್ಯೂಬ್ಯುಲರ್, ಅಂದರೆ ಸೀಸದ ಬ್ಯಾಟರಿ, 12 ವೋಲ್ಟ್, 150 ಎಎಚ್. ಅಂದರೆ 1.8 ಯೂನಿಟ್. ಲಿಥಿಯಂ 12.8 ವೋಲ್ಟ್, 100 ಎಎಚ್. ಅಂದರೆ 1.28 ಯೂನಿಟ್. ಇಲ್ಲಿವರೆಗೆ ಟ್ಯೂಬ್ಯುಲರ್ರೇ ಮುಂದೆ.

ಆದರೆ ಬ್ಯಾಟರಿಯ ಸ್ಟಿಕರ್ ಹತ್ತಿರದಿಂದ ನೋಡಿ. 150 ಎಎಚ್ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸಿ20 ಅಂತ ಇರುತ್ತದೆ. 20 ಗಂಟೆ ಹೊತ್ತು ನಿಧಾನವಾಗಿ ಖಾಲಿ ಮಾಡಿದರೆ ಮಾತ್ರ ಅಷ್ಟು ಸಿಗುತ್ತದೆ ಅಂತ ಅದರ ಅರ್ಥ. ಅಂದರೆ ಏಳೂವರೆ ಆಂಪಿಯರ್, ಒಂದು ಫ್ಯಾನ್ ಮತ್ತು ಒಂದು ಬಲ್ಬ್‌ನ ಲೋಡ್. ನಿಮ್ಮ ಮನೆ ಲೋಡ್ ಅಷ್ಟಕ್ಕೇ ನಿಲ್ಲುವುದಿಲ್ಲ. ಹಳೇ ಫ್ಯಾನ್ ಒಂದಕ್ಕೆ 75 ವ್ಯಾಟ್ ಹಿಡಿದರೆ ಮೂರಕ್ಕೆ 225, ಬಲ್ಬ್‌ಗಳಿಗೆ 54, ಟಿವಿಗೆ 80, ವೈಫೈಗೆ 10, ಒಟ್ಟು 370 ವ್ಯಾಟ್ ಹತ್ತಿರ. ಇಷ್ಟು ಜೋರಾಗಿ ಎಳೆದಾಗ ಸೀಸದ ಬ್ಯಾಟರಿ ಬರೆದಿರುವುದರಲ್ಲಿ ಸುಮಾರು ಮುಕ್ಕಾಲು ಭಾಗ ಕೊಡುತ್ತದೆ. ಅದನ್ನೂ ಪೂರ್ತಿ ಬತ್ತಿಸಬಾರದು, ಬತ್ತಿಸಿದರೆ ಆಯಸ್ಸು ಕಮ್ಮಿಯಾಗುತ್ತದೆ. ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತದೆ. ಎಲ್ಲ ಕಳೆದು ಕೈಗೆ ಸಿಗುವುದು ಒಂದು ಯೂನಿಟ್ ಆಸುಪಾಸು. ಲಿಥಿಯಂನಲ್ಲಿ ಜೋರಾಗಿ ಎಳೆದರೂ ಇಷ್ಟು ಇಳಿಯುವುದಿಲ್ಲ, ನೂರಕ್ಕೆ 90 ಭಾಗ ಬಳಸಬಹುದು, ಇನ್ವರ್ಟರ್ ಪಾಲು ಕಳೆದರೆ ಅಲ್ಲೂ ಒಂದು ಯೂನಿಟ್ ಆಸುಪಾಸು. ಅಂದರೆ ಬ್ಯಾಕಪ್ ಲೆಕ್ಕದಲ್ಲಿ ಎರಡೂ ಒಂದೇ, ಎರಡೂವರೆ ಗಂಟೆ ಚಿಲ್ಲರೆ.

ಹಾಗಾದರೆ ಡಬಲ್ ದುಡ್ಡು ಯಾಕೆ? ಆಯಸ್ಸಿಗೆ, ಬೇಗ ಚಾರ್ಜ್ ಆಗುವುದಕ್ಕೆ, ನೀರು ಹಾಕುವ ಗೋಜಿಲ್ಲದಿರುವುದಕ್ಕೆ. ದಿನಕ್ಕೆ ಒಂದು ಗಂಟೆ ಹೋಗುವ ಮನೆಗೆ ಇದೆಲ್ಲ ಬೇಕಾ? ನನ್ನ ಕೇಳಿದರೆ ಬೇಡ. ನಿಮ್ಮ ಹಳೇ ಟ್ಯೂಬ್ಯುಲರ್ ಐದು ವರ್ಷ ಬಾಳಿದೆ, ಅದು ಒಳ್ಳೆಯ ಬಾಳಿಕೆಯೇ. ಇನ್ನೊಂದು ಟ್ಯೂಬ್ಯುಲರ್ ಹಾಕಿಸಿ, ಹಳೆಯದನ್ನ ಎಕ್ಸ್‌ಚೇಂಜ್‌ಗೆ ಕೊಡಿ, ಸೀಸಕ್ಕೆ ಗುಜರಿಯಲ್ಲಿ ಯಾವತ್ತೂ ಬೆಲೆ ಇದೆ. ಉಳಿದ ದುಡ್ಡಲ್ಲಿ ಮೂರು ಬಿಎಲ್‌ಡಿಸಿ ಫ್ಯಾನ್ ತನ್ನಿ. ಅವು ತಲಾ 30 ವ್ಯಾಟ್ ಹತ್ತಿರ ಎಳೆಯುತ್ತವೆ. ನಿಮ್ಮ ಲೋಡ್ 370ರಿಂದ 235ಕ್ಕೆ ಇಳಿಯುತ್ತದೆ, ಅದೇ ಬ್ಯಾಟರಿ ನಾಲ್ಕು ಗಂಟೆ ಎಳೆಯುತ್ತದೆ. ಇದನ್ನ ಬ್ಯಾಟರಿ ಅಂಗಡಿಯವರು ಯಾಕೆ ಹೇಳುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಪ್ರಶ್ನೆ (ರಾಯಚೂರು ಹತ್ತಿರದ ಹಳ್ಳಿಯಿಂದ): ನಮ್ಮಲ್ಲಿ ಕರೆಂಟ್ ಬರೋದು ಹೋಗೋದು ದಿನಾ ಇದ್ದದ್ದೇ, ಬಂದರೂ ವೋಲ್ಟೇಜ್ ಇರಲ್ಲ. ಟ್ಯೂಬ್ಯುಲರ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಹೋಗ್ತಾ ಇದೆ. ಒಳ್ಳೇ ಕಂಪನಿಯದೇ ತಂದರೂ ಹಂಗೇ. ಏನು ಮಾಡೋದು?

ಉತ್ತರ: ಕಂಪನಿ ತಪ್ಪಿರಲಿಕ್ಕಿಲ್ಲ. ಟ್ಯೂಬ್ಯುಲರ್ ಬ್ಯಾಟರಿ ಪೂರ್ತಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ನಿಮ್ಮಲ್ಲಿ ಅಷ್ಟು ಹೊತ್ತು ಒಂದೇ ಸಮ ಕರೆಂಟ್ ಎಲ್ಲಿರುತ್ತದೆ? ಅರ್ಧ ತುಂಬಿದ್ದು ಮತ್ತೆ ಖಾಲಿ, ಮತ್ತೆ ಅರ್ಧ. ಹೀಗೆ ತಿಂಗಳುಗಟ್ಟಲೆ ನಡೆದರೆ ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅಷ್ಟು ಜಾಗ ಕೆಲಸಕ್ಕೆ ಬರುವುದಿಲ್ಲ. ಮೇಲೆ ನಿಮ್ಮ ಕಡೆಯ ಬಿಸಿಲು ಬೇರೆ. ಸೀಸದ ಬ್ಯಾಟರಿಗೆ 25 ಡಿಗ್ರಿ ಹಿತ. ಅಲ್ಲಿಂದ ಪ್ರತಿ ಹತ್ತು ಡಿಗ್ರಿ ಏರಿದಂತೆ ಆಯಸ್ಸು ಹೆಚ್ಚೂಕಮ್ಮಿ ಅರ್ಧ ಆಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನಿಮ್ಮ ಮನೆಯೊಳಗೆ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು.

ಲಿಥಿಯಂಗೆ ದುಡ್ಡು ಹಾಕುವುದಾದರೆ ಹಾಕಬೇಕಾದವರು ನೀವು. ಇನ್ವರ್ಟರ್‌ನ ಚಾರ್ಜರ್ ಜೋರಾಗಿ ಕೊಡುವಂಥದ್ದಾದರೆ ಎರಡು ಮೂರು ಗಂಟೆ ಕರೆಂಟ್ ಸಿಕ್ಕರೆ ಅದು ಬಹುಪಾಲು ತುಂಬಿಕೊಳ್ಳುತ್ತದೆ. ಅರ್ಧಂಬರ್ಧ ಚಾರ್ಜ್ ಆದರೂ ಅದಕ್ಕೆ ಬಾಧೆ ಇಲ್ಲ. ಒಳ್ಳೆಯ ಸೆಲ್ ಇದ್ದರೆ ಎರಡು ಸಾವಿರಕ್ಕೂ ಜಾಸ್ತಿ ಸಲ ತುಂಬಿ ಖಾಲಿ ಮಾಡಬಹುದು. ಇಲ್ಲಿ ಲಿಥಿಯಂ ಅಂದರೆ ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯಲ್ಲಿ ಎಲ್‌ಎಫ್‌ಪಿ ಅನ್ನುತ್ತಾರೆ. ಬಿಸಿಲು ಇದಕ್ಕೂ ಆಗಿಬರುವುದಿಲ್ಲ, ತಗಡಿನ ಶೀಟ್ ಕೆಳಗೆ ಇಡಬೇಡಿ. ಜಾಸ್ತಿ ಕಾದರೆ ಒಳಗೆ ಬ್ಯಾಟರಿಯನ್ನ ಕಾಯುವ ಬಿಎಂಎಸ್ ಬೋರ್ಡ್ ಚಾರ್ಜಿಂಗ್ ನಿಲ್ಲಿಸಿಬಿಡುತ್ತದೆ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ, ಇದಕ್ಕೆ ಪೈಸೆ ಖರ್ಚಿಲ್ಲ. ನಿಮ್ಮ ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇನ್ವರ್ಟರ್ ಅಥವಾ ವೈಡ್ ಅಂತ ಬರೆದಿರುತ್ತದೆ. ಯುಪಿಎಸ್ ಕಡೆ ಇದ್ದರೆ ವೋಲ್ಟೇಜ್ 180ಕ್ಕಿಂತ ಕೆಳಗೆ ಹೋದ ಕೂಡಲೇ ಅದು ಕರೆಂಟ್ ಹೋಯಿತು ಅಂತಲೇ ತಿಳಿದು ಬ್ಯಾಟರಿಗೆ ಹೋಗುತ್ತದೆ. ಲೈನ್‌ನಲ್ಲಿ 160 ವೋಲ್ಟ್ ಇದೆ, ಫ್ಯಾನ್ ನಿಧಾನಕ್ಕಾದರೂ ತಿರುಗುತ್ತಿತ್ತು, ಬ್ಯಾಟರಿಯೂ ಒಂದಿಷ್ಟು ತುಂಬುತ್ತಿತ್ತು. ಆದರೆ ನಿಮ್ಮ ಬ್ಯಾಟರಿ ಸುಮ್ನೆ ಖಾಲಿ ಆಗ್ತಾ ಕೂತಿರುತ್ತದೆ. ಸ್ವಿಚ್ ವೈಡ್ ಕಡೆ ಹಾಕಿ. ಕಂಪ್ಯೂಟರ್ ಇದ್ದರೆ ಮಾತ್ರ ಕರೆಂಟ್ ಹೋದಾಗ ಅದು ಒಮ್ಮೊಮ್ಮೆ ರೀಸ್ಟಾರ್ಟ್ ಆಗಬಹುದು.

ಇನ್ನು ಇನ್ವರ್ಟರ್ ಹಳೆಯದಾದರೆ ಅದರಲ್ಲಿ ಲಿಥಿಯಂ ಮೋಡ್ ಇದೆಯಾ ಕೇಳಿ. ನಾಲ್ಕು ಸೆಲ್ಲಿನ ಎಲ್‌ಎಫ್‌ಪಿ ಬ್ಯಾಟರಿಗೆ ಚಾರ್ಜ್ ಆಗುವಾಗ 14.6 ವೋಲ್ಟ್ ಮೀರಬಾರದು. ಕೆಲವು ಹಳೇ ಇನ್ವರ್ಟರ್‌ಗಳು ಸೀಸದ ಬ್ಯಾಟರಿ ಚೇತರಿಸಿಕೊಳ್ಳಲಿ ಅಂತ ಆಗಾಗ ಅದಕ್ಕಿಂತ ಮೇಲೆ ಏರಿಸುತ್ತವೆ. ಆಗ ಬಿಎಂಎಸ್ ಕಟ್ ಮಾಡುತ್ತದೆ, ನೀವು ಬ್ಯಾಟರಿ ಕೆಟ್ಟಿತು ಅಂದುಕೊಳ್ಳುತ್ತೀರಿ.

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಮಳೆಗಾಲದಲ್ಲಿ ಮರ ಬಿದ್ದರೆ ನಮಗೆ ಎರಡು ಮೂರು ದಿನ ಕರೆಂಟ್ ಇಲ್ಲ. 48 ವೋಲ್ಟಿನ ಐದು ಯೂನಿಟ್ ಲಿಥಿಯಂ ಬ್ಯಾಟರಿ ಹಾಕಿಸಿದರೆ ಮೂರು ದಿನ ಬರುತ್ತಾ? ಬಾವಿಯ 1 ಎಚ್‌ಪಿ ಪಂಪೂ ಓಡಬೇಕು.

ಉತ್ತರ: ಮಳೆಗಾಲದಲ್ಲಿ ನಿಮಗೆ ಫ್ಯಾನ್ ಬೇಡ, ಅದೊಂದು ಉಳಿತಾಯ. ಎಂಟು ಬಲ್ಬ್ ಸಂಜೆಯಿಂದ ಐದು ಗಂಟೆ, ವೈಫೈ ಇಡೀ ದಿನ, ಟಿವಿ ಮೂರು ಗಂಟೆ, ಫ್ರಿಜ್‌ಗೆ ಮುಕ್ಕಾಲು ಯೂನಿಟ್, ಎಲ್ಲ ಸೇರಿ ದಿನಕ್ಕೆ ಒಂದೂವರೆ ಒಂದೂಮುಕ್ಕಾಲು ಯೂನಿಟ್. ಐದು ಯೂನಿಟ್ ಬ್ಯಾಟರಿಯಲ್ಲಿ ಕೈಗೆ ಸಿಗುವುದು ನಾಲ್ಕು ಅಂತ ಇಟ್ಟುಕೊಂಡರೂ ಎರಡು ದಿನ ದಾಟುತ್ತದೆ ಅನಿಸುತ್ತದೆ, ಅಲ್ವಾ? ದಾಟುವುದಿಲ್ಲ. ದೊಡ್ಡ ಇನ್ವರ್ಟರ್ ಸುಮ್ಮನೆ ಆನ್ ಆಗಿ ಕೂತಿದ್ದರೂ 30ರಿಂದ 50 ವ್ಯಾಟ್ ತಿನ್ನುತ್ತದೆ. 24 ಗಂಟೆಗೆ ಅದೇ ಒಂದು ಯೂನಿಟ್ ಹತ್ತಿರ. ಬ್ರೋಷರ್‌ನಲ್ಲಿ ನೋ ಲೋಡ್ ಅಂತ ಒಂದು ಸಾಲು ಇರುತ್ತದೆ, ಐದು ಯೂನಿಟ್ ಅನ್ನೋ ದಪ್ಪ ಅಕ್ಷರದ ಕೆಳಗೆಲ್ಲೋ. ಅದನ್ನ ಹುಡುಕಿ ಓದಿ. ರಾತ್ರಿ ಮಲಗುವಾಗ ಇನ್ವರ್ಟರ್ ಪೂರ್ತಿ ಆಫ್ ಮಾಡಿದರೆ ಅಷ್ಟು ಉಳಿಯಿತು. ಬಾಗಿಲು ತೆಗೆಯದಿದ್ದರೆ ಫ್ರಿಜ್‌ನ ತಂಪು ಬೆಳಗಿನವರೆಗೆ ಬಹುಮಟ್ಟಿಗೆ ನಿಲ್ಲುತ್ತದೆ.

ಪಂಪ್ ವಿಷಯ ಬೇರೆ. 1 ಎಚ್‌ಪಿ ಪಂಪ್ ಓಡುವಾಗ ಒಂದು ಕಿಲೋವ್ಯಾಟ್ ತೆಗೆದುಕೊಳ್ಳುತ್ತದೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಆ ಒಂದು ಕ್ಷಣಕ್ಕೋಸ್ಕರ ದೊಡ್ಡ ಇನ್ವರ್ಟರ್‌ಗೆ ದುಡ್ಡು ಸುರಿಯಬೇಕು. ಅದರ ಬದಲು ಮೇಲಿನ ಟ್ಯಾಂಕ್ ದೊಡ್ಡದು ಹಾಕಿಸಿ. ಕರೆಂಟ್ ಇದ್ದಾಗ ತುಂಬಿಸಿಟ್ಟ ಟ್ಯಾಂಕೂ ಒಂದು ಬ್ಯಾಟರಿಯೇ, ಅದಕ್ಕೆ ವಾರಂಟಿ ಕಾರ್ಡ್ ಬೇಕಿಲ್ಲ.

ಮೂರು ದಿನಕ್ಕೆ ಬ್ಯಾಟರಿ ಒಂದನ್ನೇ ನಂಬಬೇಡಿ. ಆಷಾಢದ ಮೋಡದಲ್ಲಿ ಸೋಲಾರನ್ನೂ ಜಾಸ್ತಿ ನಂಬಬೇಡಿ. 3 ಕೆವಿಎ ಪೆಟ್ರೋಲ್ ಜನರೇಟರ್ ಒಂದು ಜೊತೆಗಿದ್ದರೆ ದಿನಕ್ಕೆ ಮೂರು ಗಂಟೆ ಓಡಿಸಿ, ಆಗಲೇ ಬ್ಯಾಟರಿ ಬಹುಪಾಲು ತುಂಬಿಸಿಕೊಳ್ಳಬಹುದು. ಲಿಥಿಯಂನ ನಿಜವಾದ ಲಾಭ ಇಲ್ಲಿದೆ. ಟ್ಯೂಬ್ಯುಲರ್ ಆಗಿದ್ದರೆ ಅದು ನಿಧಾನಕ್ಕೆ ಕುಡಿಯುತ್ತದೆ ಅಂತ ಇಡೀ ದಿನ ಪೆಟ್ರೋಲ್ ಸುಡಬೇಕಿತ್ತು. ಪಂಪ್ ಓಡಿಸುವುದಿದ್ದರೆ ಆಗ ಚಾರ್ಜಿಂಗ್ ನಿಲ್ಲಿಸಿ, ಎರಡನ್ನೂ ಒಟ್ಟಿಗೆ ಹೊರಿಸಬೇಡಿ. ಜನರೇಟರ್ ಹೊರಗೇ ಇರಲಿ, ಮಳೆ ಅಂತ ಕೊಟ್ಟಿಗೆಗೋ ಜಗುಲಿಗೋ ತರಬೇಡಿ, ಅದರ ಹೊಗೆ ಜೀವ ತೆಗೆಯುತ್ತದೆ. ಕಂಬದ ಲೈನ್ ಕಡಿದು ಜನರೇಟರ್‌ಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆ ಲೈನ್‌ಗೆ ಕೊಡಲೂಬೇಡಿ. ನಿಮ್ಮ ಜನರೇಟರ್‌ನ ಕರೆಂಟ್ ವಾಪಸ್ ಕಂಬಕ್ಕೆ ಹೋದರೆ ಅಲ್ಲಿ ಮರ ಕಡಿದು ತಂತಿ ಎಳೆಯುತ್ತಿರುವ ಲೈನ್‌ಮನ್ ಗತಿ ಏನು? ಸಿಡಿಲಿನ ಊರು ಬೇರೆ, ಅರ್ತಿಂಗ್ ಸರಿಯಾಗಿ ಮಾಡಿಸಿ, ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಬ್ಯಾಟರಿ ದುಡ್ಡಿನ ಮುಂದೆ ಅದು ಚಿಲ್ಲರೆ.

ಪ್ರಶ್ನೆ (ಮೈಸೂರಿನಿಂದ): ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಸಬ್ಸಿಡಿಯೂ ಬಂತು. ಆದರೆ ಉರಿಬಿಸಿಲಲ್ಲಿ ಕರೆಂಟ್ ಹೋದರೆ ನಮ್ಮ ಮನೆಯಲ್ಲೂ ಕರೆಂಟ್ ಇಲ್ಲ! ಕ್ಯಾಲಿಫೋರ್ನಿಯಾದಲ್ಲಿರುವ ತಮ್ಮ ಟೆಸ್ಲಾ ಪವರ್‌ವಾಲ್ ಬ್ಯಾಟರಿ ಹಾಕಿಸಿದ್ದಾನೆ, ಅವನಿಗೆ ಈ ತೊಂದರೆ ಇಲ್ಲ. ನಾವೂ ಅಂಥದ್ದು ಹಾಕಿಸಬೇಕಾ?

ಉತ್ತರ: ನಿಮ್ಮ ಸೋಲಾರ್ ಕೆಟ್ಟಿಲ್ಲ, ಅದು ಹಾಗೇ ಮಾಡಬೇಕು. ಮೇಲೆ ಹೇಳಿದ ಲೈನ್‌ಮನ್ ಕಾರಣವೇ ಇಲ್ಲೂ. ಗ್ರಿಡ್‌ಗೆ ಜೋಡಿಸಿದ ಸೋಲಾರ್ ಇನ್ವರ್ಟರ್ ಲೈನ್ ಸತ್ತ ಕೂಡಲೇ ತಾನೂ ನಿಲ್ಲಬೇಕು ಅಂತಲೇ ನಿಯಮ. 3 ಕಿಲೋವ್ಯಾಟ್‌ಗೆ ಕೊಡುವ 78,000 ರೂಪಾಯಿ ಸಬ್ಸಿಡಿ ಪ್ಯಾನಲ್ ಲೆಕ್ಕದ್ದು, ಬ್ಯಾಟರಿಯದ್ದಲ್ಲ.

ತಮ್ಮನ ಲೆಕ್ಕ ನಿಮಗೆ ಹೊಂದುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್ ಮಧ್ಯದ ನಂತರ ಸೋಲಾರ್‌ಗೆ ಅರ್ಜಿ ಹಾಕಿದವರಿಗೆ ಗ್ರಿಡ್‌ಗೆ ಕೊಟ್ಟ ಕರೆಂಟ್‌ಗೆ ಸಿಗುವ ದರ ತುಂಬಾ ಇಳಿಯಿತು. ಅದಕ್ಕೇ ಅಲ್ಲಿನವರು ಮಧ್ಯಾಹ್ನದ ಕರೆಂಟನ್ನ ಬ್ಯಾಟರಿಯಲ್ಲಿ ಹಿಡಿದಿಟ್ಟು ಸಂಜೆ ಬಳಸುತ್ತಾರೆ. ಪವರ್‌ವಾಲ್ 3 ಒಂದರಲ್ಲೇ 13.5 ಯೂನಿಟ್ ಹಿಡಿಯುತ್ತದೆ. ಕಾಳ್ಗಿಚ್ಚಿನ ಭಯಕ್ಕೆ ಕರೆಂಟ್ ಕಂಪನಿಯವರೇ ಲೈನ್ ಆಫ್ ಮಾಡುವುದೂ ಅಲ್ಲಿ ಉಂಟು. ನಿಮಗೆ ನೆಟ್ ಮೀಟರ್ ಇದೆ. ಹಗಲು ಕೊಟ್ಟ ಯೂನಿಟ್ಟನ್ನ ರಾತ್ರಿ ಬಳಸಿದ್ದರಲ್ಲಿ ಕಳೆಯುತ್ತಾರೆ. ಬಿಲ್ ಉಳಿಸಲಿಕ್ಕೆ ನಿಮಗೆ ಬ್ಯಾಟರಿ ಬೇಕೇ ಇಲ್ಲ. ಮೈಸೂರಲ್ಲಿ ಹೋಗುವ ಒಂದೆರಡು ಗಂಟೆಗೆ ಸೋಲಾರ್ ತಂಟೆಗೇ ಹೋಗದೆ ಪಕ್ಕದಲ್ಲಿ ಒಂದು ಸಾಮಾನ್ಯ ಯುಪಿಎಸ್ ಇಟ್ಟುಕೊಳ್ಳಿ, ಮುಗಿಯಿತು. ಸೋಲಾರ್, ಬ್ಯಾಟರಿ ಎರಡನ್ನೂ ನಡೆಸುವ ಹೈಬ್ರಿಡ್ ಇನ್ವರ್ಟರ್‌ಗೆ ಬದಲಾಯಿಸಿ ಅಂತ ಯಾರಾದರೂ ಲಕ್ಷದ ಕೊಟೇಶನ್ ಕೊಟ್ಟರೆ, ವರ್ಷಕ್ಕೆ ಎಷ್ಟು ಗಂಟೆ ಕತ್ತಲಲ್ಲಿ ಕೂತಿದ್ದೀರಿ ಅಂತ ಮೊದಲು ಎಣಿಸಿ. ಇನ್ನೂ ಸೋಲಾರ್ ಹಾಕಿಸದವರು, ಅದರಲ್ಲೂ ಪದೇಪದೇ ಕರೆಂಟ್ ಹೋಗುವ ಊರಿನವರು, ಮೊದಲೇ ಹೈಬ್ರಿಡ್ ಕೇಳುವುದು ಬೇರೆ ಮಾತು.

ಪ್ರಶ್ನೆ (ಬೆಂಗಳೂರಿನ ಫ್ಲ್ಯಾಟ್‌ನಿಂದ): ಎಲೆಕ್ಟ್ರಿಕ್ ಸ್ಕೂಟರ್‌ಗೆ ಬೆಂಕಿ ಹತ್ತಿದ ವಿಡಿಯೊ ನೋಡಿ ಮನೆಯೊಳಗೆ ಲಿಥಿಯಂ ಇಡೋಕೆ ಭಯ. ಜೊತೆಗೆ ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗೋ ಲಿಥಿಯಂ ಬ್ಯಾಟರಿ ತಗೋಬಹುದಾ?

ಉತ್ತರ: ಲಿಥಿಯಂ ಎಲ್ಲ ಒಂದೇ ಜಾತಿ ಅಲ್ಲ. ಹಲವು ಸ್ಕೂಟರ್‌ಗಳಲ್ಲಿ ಇರುವುದು ಎನ್‌ಎಂಸಿ, ನಿಕಲ್ ಮ್ಯಾಂಗನೀಸ್ ಕೋಬಾಲ್ಟ್. ಅದು ಹಗುರ, ಆದರೆ ಕಾದರೆ ಬೇಗ ಕೆರಳುತ್ತದೆ. ಎಲ್‌ಎಫ್‌ಪಿ ಅದಕ್ಕಿಂತ ಎಷ್ಟೋ ಶಾಂತ. ಬೆಂಕಿಯೇ ಹತ್ತುವುದಿಲ್ಲ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳುವ ಅಂಗಡಿಯವರನ್ನೂ ನಂಬಬೇಡಿ. ಬಾಗಿಲ ದಾರಿಯಲ್ಲಿ, ಮೆಟ್ಟಿಲ ಕೆಳಗೆ, ಮಂಚದ ಪಕ್ಕ ಇಡಬೇಡಿ. ಸೀಸದ ಬ್ಯಾಟರಿಯೂ ಸಾಧು ಏನಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದನ್ನ ಇಡುವವರನ್ನ ಕಂಡರೆ ನನಗೆ ಭಯ.

ಅರ್ಧ ಬೆಲೆಯ ಬ್ಯಾಟರಿ ಬೇಡ. ಹಳೇ ಗಾಡಿಯಿಂದ ತೆಗೆದ ಸೆಲ್‌ಗೆ ಹೊಸ ಡಬ್ಬಿ ಹಾಕಿ ಮಾರುವುದಿದೆ. ಸ್ಟಿಕರ್ ಮೇಲೆ ವ್ಯಾಟ್ ಅವರ್ (ಸಾವಿರ ಸೇರಿದರೆ ಒಂದು ಯೂನಿಟ್) ಬರೆದಿಲ್ಲ, ಬರೀ ಎಎಚ್ ಇದೆ ಅಂದರೆ ಮುಂದೆ ಹೋಗಿ. ಬಿಎಂಎಸ್ ಎಷ್ಟು ಆಂಪಿಯರ್ ಅಂತ ಕೇಳಿ. 12 ವೋಲ್ಟ್ ಇನ್ವರ್ಟರ್‌ನಲ್ಲಿ 700 ವ್ಯಾಟ್ ಓಡಿಸಿದರೆ ಬ್ಯಾಟರಿಯಿಂದ 65 ಆಂಪಿಯರ್ ಹೊರಗೆ ಬರಬೇಕು. 50ರ ಬಿಎಂಎಸ್ ಇದ್ದರೆ ಮಿಕ್ಸಿ ಹಾಕಿದ ಕೂಡಲೇ ಮನೆಯೇ ಕತ್ತಲು.

ಆದರೆ ನಿಮ್ಮ ಫ್ಲ್ಯಾಟ್‌ನಲ್ಲಿ ಡಿಜಿ, ಅಂದರೆ ಡೀಸೆಲ್ ಜನರೇಟರ್, ಇದ್ದು ಅದು ಮನೆಯ ಲೈಟು ಫ್ಯಾನಿಗೂ ಬರುತ್ತದೆ ಅಂದರೆ ಇದೆಲ್ಲ ಯಾಕೆ? ಡಿಜಿ ಶುರುವಾಗುವವರೆಗಿನ ಅರ್ಧ ನಿಮಿಷಕ್ಕೆ ಮೀಟಿಂಗ್ ಕಟ್ ಆಗುತ್ತದೆ ಅನ್ನುವುದೊಂದೇ ತೊಂದರೆ ಆಗಿದ್ದರೆ ವೈಫೈ ರೂಟರ್‌ಗೆ ಅಂತಲೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಅಂಗೈ ಅಗಲದ್ದು.

ಹಾಕಿಸುವುದೇ ಆದರೆ ವಾರಂಟಿ ಓದುವುದನ್ನ ಕಲಿಯಿರಿ. 36+24 ಅಂತ ಬರೆದಿದ್ದರೆ ಐದು ವರ್ಷ ಪುಕ್ಕಟೆ ಅಂತಲ್ಲ. ಮೊದಲ ಮೂರು ವರ್ಷ ಬದಲಿ ಬ್ಯಾಟರಿ, ಆಮೇಲಿನ ಎರಡು ವರ್ಷ ಬರೀ ರಿಯಾಯಿತಿ. ಆ ರಿಯಾಯಿತಿ ಎಂಆರ್‌ಪಿ ಮೇಲೆ, ಅಂಗಡಿಯಲ್ಲಿ ಮಾರುವ ಬೆಲೆ ಎಂಆರ್‌ಪಿಗಿಂತ ಕಮ್ಮಿಯೇ ಇರುವುದರಿಂದ ಕೊನೆಗೆ ನಿಮಗೆ ಉಳಿಯುವುದು ಅಷ್ಟಕ್ಕಷ್ಟೇ. ಬ್ಯಾಟರಿ ಬಂದ ದಿನವೇ ಸೀರಿಯಲ್ ನಂಬರ್ ಕಾಣುವ ಹಾಗೆ ಫೋಟೊ ತೆಗೆದು, ಕಾರ್ಡ್ ಮೇಲೆ ಅಂಗಡಿಯ ಸೀಲ್ ಮತ್ತು ತಾರೀಕು ಹಾಕಿಸಿಕೊಂಡು, ಜಿಎಸ್‌ಟಿ ಬಿಲ್ ಜೊತೆ ಪಿನ್ ಮಾಡಿಡಿ.