ಟೊಮೆಟೊ ತಿಂದರೆ ಕ್ಯಾನ್ಸರ್ ತಡೆಯಬಹುದೇ?

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ. ಟೊಮೆಟೊ ತಿಂದರೆ ಕ್ಯಾನ್ಸರ್ ಬರುವುದಿಲ್ಲವೆಂದು ಯಾರೋ ಹೇಳಿದ್ದರಿಂದ ದಿನವೂ ನಾಲ್ಕು ಹಸಿ ಹಣ್ಣು ತಿನ್ನುತ್ತಾರೆ. ಗುಟ್ಕಾ ಮಾತ್ರ ಬಿಟ್ಟಿಲ್ಲ. ಲೈಕೊಪೀನ್ ಮಾತ್ರೆಯನ್ನೂ ಕೊಡಿಸಬೇಕೇ?
— ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಟೊಮೆಟೊಗೆ ಕೆಂಪು ಬಣ್ಣ ಕೊಡುವ ವಸ್ತುವೇ ಲೈಕೊಪೀನ್. ಅಮೆರಿಕದ ಸುಮಾರು 48,000 ಪುರುಷರ ಆಹಾರ ಕ್ರಮವನ್ನು ಗಮನಿಸಿ 1995ರಲ್ಲಿ ಪ್ರಕಟವಾದ ಹಾರ್ವರ್ಡ್ ಅಧ್ಯಯನದಲ್ಲಿ, ಟೊಮೆಟೊ ಪದಾರ್ಥಗಳನ್ನು ಹೆಚ್ಚಾಗಿ ತಿನ್ನುವವರಲ್ಲಿ ಪ್ರಾಸ್ಟೇಟ್ (ಪುರುಷರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಕಡಿಮೆ ಕಂಡುಬಂದಿತ್ತು. ಆದರೆ ಅದು ವೀಕ್ಷಣೆಯ ಅಧ್ಯಯನ. ಹಾಗೆ ತಿನ್ನುವವರ ಇತರ ಅಭ್ಯಾಸಗಳೂ ಅದಕ್ಕೆ ಕಾರಣವಾಗಿರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ 2005ರಲ್ಲಿ ಈ ಪುರಾವೆ ತೀರಾ ಸೀಮಿತವೆಂದೇ ಹೇಳಿತು.

ಲೈಕೊಪೀನ್ ಕೊಬ್ಬಿನಲ್ಲಿ ಕರಗುವುದರಿಂದ, ಹಸಿ ಹಣ್ಣಿಗಿಂತ ಶೇಂಗಾ ಎಣ್ಣೆಯಲ್ಲಿ ಒಗ್ಗರಣೆ ಹಾಕಿ, ಸಿಪ್ಪೆ ಸುರುಟಿ ಎಣ್ಣೆ ಕೆಂಪಗೆ ಬಿಡುವವರೆಗೆ ಬೇಯಿಸಿದ ಟೊಮೆಟೊ ಚಟ್ನಿಯಿಂದ ಅದು ದೇಹಕ್ಕೆ ಹೆಚ್ಚು ಸೇರುತ್ತದೆ. ಜೋಳದ ರೊಟ್ಟಿಯೊಂದಿಗೆ ಅದನ್ನೇ ಬಡಿಸಿ.

ಮಾತ್ರೆ ಬೇಡ. ಲೈಕೊಪೀನ್‌ನ ಬಳಗಕ್ಕೇ ಸೇರಿದ ಬೀಟಾ ಕ್ಯಾರೋಟಿನ್ ಮಾತ್ರೆಯನ್ನು ಫಿನ್‌ಲೆಂಡಿನ ಧೂಮಪಾನಿಗಳಿಗೆ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾದದ್ದು 1994ರಲ್ಲಿ ವರದಿಯಾಗಿದೆ.

ನನಗೆ ಆತಂಕವಾಗಿರುವುದು ಗುಟ್ಕಾದ ಬಗ್ಗೆ. ಅದರಲ್ಲಿರುವ ತಂಬಾಕು, ಅಡಿಕೆ ಎರಡೂ ಬಾಯಿಯ ಕ್ಯಾನ್ಸರ್‌ಗೆ ಕಾರಣವೆಂಬುದು ಸಾಬೀತಾದ ವಿಷಯ. ಆ ಹಾನಿಯನ್ನು ಯಾವ ಹಣ್ಣೂ ಸರಿದೂಗಿಸಲಾರದು. ಟೊಮೆಟೊ ಹುಳಿಗೆ ಅವರ ಬಾಯಿ ಉರಿಯುತ್ತಿದ್ದರೆ, ಒಳಗೆನ್ನೆಯಲ್ಲಿ ಬಿಳಿ ಮಚ್ಚೆಯಿದ್ದರೆ, ಅಥವಾ ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯದಿದ್ದರೆ, ಈ ವಾರವೇ ದಂತವೈದ್ಯರಿಗೆ ತೋರಿಸಿ.