ಪತ್ರೊಡೆ ತಿಂದು ಗಂಟಲು ಕೆರೆದಿದ್ದಕ್ಕೆ ಸ್ವಲ್ಪ ಉದ್ದದ ಉತ್ತರ

ವಿನೋಬನಗರದ ಅಕ್ಕ, ನಮ್ಮ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಕೆಲಸ ಮುಗಿಸಿ ಕೂತು ಬರೆಯುತ್ತಿದ್ದೇನೆ. ಮಾರ್ಕೆಟ್ಟಿನಿಂದ ಕೆಸುವಿನ ಎಲೆ ತಂದು, ಮಸಾಲೆ ಹಿಟ್ಟು ಬಳಿದು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿ, ಮೊದಲ ಸಲ ಪತ್ರೊಡೆ ಮಾಡಿದ್ದೀರಿ. ಮನೆಮಂದಿಗೆಲ್ಲ ಗಂಟಲು ಕೆರೆದಿದೆ, ಸುರುಳಿ ಬಿಚ್ಚಿಕೊಂಡಿದೆ, ನಡುವೆ ಹಸಿ ಉಳಿದಿದೆ. ಅದೇ ವಾರ ಕಳಲೆ (ಎಳೆ ಬಿದಿರು) ಪಲ್ಯ ಕಹಿ ಆಯಿತು, ಮಜ್ಜಿಗೆಯ ತಂಬುಳಿ ಒಡೆಯಿತು, ಅಕ್ಕಿ ರೊಟ್ಟಿ ತಟ್ಟುವಾಗಲೇ ಬಿರುಕು ಬಿಟ್ಟಿತು. ‘ಮಲೆನಾಡಿನ ಅಡುಗೆ ನನ್ನ ಕೈಗೆ ಒಗ್ಗಲ್ಲ’ ಅಂತ ಬರೆದಿದ್ದೀರಿ. ಹಾಗೇನೂ ಇಲ್ಲ. ನೀವು ಮಾಡಿದ ಕ್ರಮ ಓದಿದರೆ ಎಲ್ಲ ಕಡೆಯೂ ಒಂದೇ ಕಥೆ. ರುಚಿಗೆ ಅಂದುಕೊಂಡು ಕಡಿಮೆ ಮಾಡಿದ್ದು, ಪುರುಸೊತ್ತಿಲ್ಲ ಅಂತ ಬಿಟ್ಟಿದ್ದು, ಎರಡಕ್ಕೂ ಅಲ್ಲಿ ಬೇರೆಯೇ ಕೆಲಸ ಇತ್ತು.

ಪತ್ರೊಡೆಯ ಹುಣಸೆಹಣ್ಣನ್ನೇ ನೋಡಿ. ಮಕ್ಕಳು ಹುಳಿ ತಿನ್ನಲ್ಲ ಅಂತ ಅರ್ಧಕ್ಕೆ ಇಳಿಸಿದ್ದೀರಿ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸಣ್ಣ ಸಣ್ಣ ಹರಳು ಇರುತ್ತವೆ. ಕಣ್ಣಿಗೆ ಕಾಣಲ್ಲ, ಆದರೆ ತುದಿ ಸೂಜಿಯಷ್ಟು ಚೂಪು. ಬಾಯಿ, ಗಂಟಲಿಗೆ ಚುಚ್ಚಿ ತುರಿಸುವುದು ಅವೇ. ಬರೀ ನೀರಲ್ಲಿ ತೊಳೆದರೆ ಹೋಗುವಂಥದ್ದಲ್ಲ. ಹುಳಿಯೂ ಸರಿಯಾಗಿ ಬೀಳಬೇಕು, ಚೆನ್ನಾಗಿಯೂ ಬೇಯಬೇಕು, ಆಗ ತುರಿಕೆ ತಗ್ಗುತ್ತದೆ. ನಿಮ್ಮಲ್ಲಿ ಹುಳಿಯೂ ಕಡಿಮೆ, ಬೆಂದಿದ್ದೂ ಕಡಿಮೆ. ಇನ್ನೇನಾಗುತ್ತೆ ಹೇಳಿ!

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಹುಣಸೆ ಬದಲು ಟೊಮೇಟೊ ಸಾಕು ಅಂದಿದ್ದಾರೆ. ನಾನು ಒಪ್ಪಲ್ಲ. ಅದರ ಹುಳಿ ಸಾಲದು, ಮೇಲಿಂದ ಹಿಟ್ಟು ನೀರಾಗುತ್ತದೆ. ಮಕ್ಕಳಿಗಾಗಿ ಹುಳಿ ಮರೆಸಬೇಕಿದ್ದರೆ ಬೆಲ್ಲ ಜಾಸ್ತಿ ಮಾಡಿ, ಹುಣಸೆಗೆ ಕೈ ಹಚ್ಚಬೇಡಿ. ಎರಡು ಲೋಟ ಅಕ್ಕಿಗೆ ದೊಡ್ಡ ನಿಂಬೆಹಣ್ಣಿನ ಗಾತ್ರದ ಹುಣಸೆ ಬೇಕೇ ಬೇಕು. ಒಣಗಿಸಿದ ವಾಟೆಹುಳಿ ಸಿಕ್ಕರೆ ಅದೂ ಆಗುತ್ತದೆ.

ಎಲೆಯ ವಿಷಯ. ಮಳೆಗಾಲದಲ್ಲಿ ಮರದ ಮೇಲೆ ಬೆಳೆಯುವ ಮರಗೆಸು ಸಿಕ್ಕರೆ ಕಣ್ಣುಮುಚ್ಚಿ ತನ್ನಿ, ಅದರಲ್ಲಿ ತುರಿಕೆ ಕಡಿಮೆ. ಪುನರ್ವಸು, ಪುಷ್ಯ ಮಳೆ ಹೊತ್ತಿಗೆ, ಅಂದರೆ ಜುಲೈನಲ್ಲಿ, ಚೆನ್ನಾಗಿ ಚಿಗುರಿರುತ್ತದೆ. ಅದಿಲ್ಲದಿದ್ದರೆ ದಂಟು ಕಪ್ಪಗಿರುವ ಕರಿಕೆಸು. ಯಾವುದಾದರೂ ಎಳೆಯ ಎಲೆಯೇ ಆಗಬೇಕು. ಚರಂಡಿ ಪಕ್ಕ, ಖಾಲಿ ಸೈಟಲ್ಲಿ ತಾನಾಗಿ ಹುಟ್ಟಿದ್ದನ್ನು ಕೊಯ್ಯಬೇಡಿ. ಅದು ತಿನ್ನುವ ಜಾತಿಯೋ ಅಲ್ಲವೋ ಅನ್ನುವುದೂ ಗೊತ್ತಿರಲ್ಲ. ಕೆಲಸ ಶುರು ಮಾಡುವ ಮೊದಲು ಎಲೆಯ ನೀರು ಪೂರ್ತಿ ಒರೆಸಿ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಒದ್ದೆ ಕೈಯಲ್ಲಿ ಕೆಸು ಮುಟ್ಟಿದರೆ ರಾತ್ರಿಯವರೆಗೂ ಕೈ ಕೆರೆಯುತ್ತಾ ಕೂರಬೇಕು.

ಎಲೆ ಬೋರಲು ಹಾಕಿದರೆ ಹಿಂಭಾಗದ ದಪ್ಪ ನಾರು ಎದ್ದು ಕಾಣುತ್ತದೆ. ಚಾಕುವನ್ನು ಮಲಗಿಸಿ ಹಿಡಿದು ಅದನ್ನು ಎಲೆಯ ಮಟ್ಟಕ್ಕೆ ಹೆರೆಯಿರಿ. ಸುರುಳಿ ಬಿಚ್ಚಿಕೊಂಡಿದ್ದಕ್ಕೆ ಅರ್ಧ ಕಾರಣ ಈ ನಾರು. ಇದು ಮಡಿಸಿದಲ್ಲಿ ನಿಲ್ಲಲ್ಲ, ವಾಪಸ್ ಎದ್ದೇಳುತ್ತೆ. ಉಳಿದರ್ಧ ಕಾರಣ ಹಿಟ್ಟು. ನೀವು ದೋಸೆ ಹಿಟ್ಟಿನ ಹದ ಅಂತ ಬರೆದಿದ್ದೀರಿ. ಅಷ್ಟು ತೆಳ್ಳಗಾದರೆ ಬೇಯುವಾಗ ಜಾರಿ ಕೆಳಗಿಳಿಯುತ್ತದೆ. ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಬೆರಳಲ್ಲಿ ಬಳಿದರೆ ಬಳಿದಲ್ಲೇ ಕೂರಬೇಕು.

ಅಕ್ಕಿ ನೆನೆಯಲು ಮೂರು ನಾಲ್ಕು ಗಂಟೆ ಸಾಕು. ಮೊದಲು ಎಂಟು ಹತ್ತು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಅರಿಶಿನ, ಹುಣಸೆ, ಬೆಲ್ಲ, ಉಪ್ಪು, ಒಂದು ಲೋಟ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ. ಆಮೇಲೆ ನೀರು ಬಸಿದ ಅಕ್ಕಿ ಹಾಕಿ ತರಿತರಿಯಾಗಿ ತಿರುವಿ. ಈ ತರಿಯ ಬಗ್ಗೆ ಒಂದು ಮಾತು. ನಮ್ಮ ಅತ್ತಿಗೆ ಮೊದಲೆಲ್ಲ ಬೆಣ್ಣೆಯ ಹಾಗೆ ರುಬ್ಬುತ್ತಿದ್ದರು, ಪತ್ರೊಡೆ ಅಂಟು ಅಂಟು ಆಗುತ್ತಿತ್ತು. ಒಂದು ಮಳೆಗಾಲ ರುಬ್ಬುತ್ತಿರುವಾಗಲೇ ಕರೆಂಟು ಹೋಯಿತು. ನಮ್ಮ ಕಡೆ ಹೋದರೆ ಬರುವುದು ಯಾವಾಗಲೋ! ಅಕ್ಕಿ ಅರ್ಧಂಬರ್ಧ ಆಗಿತ್ತು. ಎಲೆ ಹೆರೆದಿಟ್ಟಾಗಿದೆ, ನೆಂಟರು ಬಂದಾಗಿದೆ. ಬೈದುಕೊಂಡೇ ಬಳಿದು ಬೇಯಿಸಿದರು. ಅವತ್ತಿನಷ್ಟು ಉದುರಾದ ಪತ್ರೊಡೆ ಆ ಮನೆಯಲ್ಲಿ ಅದಕ್ಕೆ ಮೊದಲು ಆಗಿರಲಿಲ್ಲ. ಈಗ ಕರೆಂಟಿದ್ದರೂ ಅವರು ಮಿಕ್ಸಿಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಗುಂಪಿನಲ್ಲಿ ಇನ್ನೊಬ್ಬರು ಕೇಳಿದ ಇಡ್ಲಿ ರವೆಯ ದಿಢೀರ್ ಪತ್ರೊಡೆಯೂ ಚೆನ್ನಾಗಿಯೇ ಬರುತ್ತದೆ. ಅಲ್ಲೂ ತರಿ ಇರುತ್ತಲ್ಲ. ರವೆಯನ್ನು ಅರ್ಧ ಗಂಟೆ ನೆನೆಸಿ ಹಿಂಡಿ ಮಸಾಲೆಗೆ ಸೇರಿಸಿದರಾಯಿತು.

ದೊಡ್ಡ ಎಲೆ ಕೆಳಗೆ, ಹಿಂಭಾಗ ಮೇಲೆ. ತೆಳ್ಳಗೆ ಬಳಿದು ಮೇಲೊಂದು ಎಲೆ, ತುದಿ ಎದುರು ದಿಕ್ಕಿಗೆ. ನಾಲ್ಕೈದು ಎಲೆ ಸಾಕು. ನೀವು ಎಂಟು ಎಲೆ ಪೇರಿಸಿದ್ದೀರಿ, ನಡುವೆ ಹಬೆ ಹೋಗುವುದು ಹೇಗೆ? ಎರಡೂ ಬದಿ ಒಳಗೆ ಮಡಿಸಿ ಬಿಗಿಯಾಗಿ ಸುತ್ತಿ. ಬಾಳೆನಾರಿನಲ್ಲಿ ಒಂದು ಸುತ್ತು ಕಟ್ಟಿದರೆ ಇನ್ನೂ ನಿಶ್ಚಿಂತೆ.

ಬೇಯಲು ಮುಕ್ಕಾಲು ಗಂಟೆ ಕೊಡಿ. ಇಡ್ಲಿಗೆ ಇಟ್ಟ ಹಾಗೆ ಹದಿನೈದು ನಿಮಿಷಕ್ಕೆ ಇಳಿಸಿದರೆ ಆಗಲ್ಲ. ಅಷ್ಟು ಹೊತ್ತು ಉರಿದರೆ ತಳದ ನೀರು ಆರಿಹೋಗುವ ಭಯ ಇರುತ್ತೆ. ಇಡ್ಲಿ ಪಾತ್ರೆಯ ತಳಕ್ಕೆ ಒಂದು ರೂಪಾಯಿ ನಾಣ್ಯ ತೊಳೆದು ಹಾಕಿಡಿ. ನೀರು ಕುದಿಯುವಷ್ಟು ಹೊತ್ತೂ ಟಕಟಕ ಅನ್ನುತ್ತಿರುತ್ತದೆ. ಸದ್ದು ನಿಂತರೆ ಓಡಿಹೋಗಿ ಬಿಸಿನೀರು ಹಾಕಿ. ಬೆಂದ ಮೇಲೆ ತಕ್ಷಣ ಕೊಯ್ಯಬೇಡಿ, ಪುಡಿಯಾಗುತ್ತದೆ. ಪೂರ್ತಿ ತಣ್ಣಗಾಗಲಿ. ಮೊದಲು ತುದಿಯ ಒಂದು ಚೂರು ನೀವೇ ತಿಂದು ಹತ್ತು ನಿಮಿಷ ಕಾಯಿರಿ. ಏನೂ ಆಗದಿದ್ದರೆ ಮಕ್ಕಳಿಗೆ ಕೊಡಿ. ಕೆರೆದರೆ ಇನ್ನೂ ಇಪ್ಪತ್ತು ನಿಮಿಷ ಬೇಯಿಸಿ.

ಗಂಟಲು ಸ್ವಲ್ಪ ಕೆರೆದರೆ ಮಜ್ಜಿಗೆ ಕುಡಿಯಿರಿ. ತುಟಿ, ನಾಲಿಗೆ ಊದಿದರೆ, ಉಸಿರಿಗೆ ಕಷ್ಟ ಆದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಕಿಡ್ನಿಯಲ್ಲಿ ಕಲ್ಲಾದವರು ಮನೆಯಲ್ಲಿದ್ದರೆ ಅವರಿಗೆ ಕೆಸು ಬೇಡ.

ಬಿಚ್ಚಿಕೊಂಡ ಪತ್ರೊಡೆಯನ್ನು ಎಸೆದೆ ಅಂದಿರಲ್ಲ, ಓದಿ ಹೊಟ್ಟೆ ಉರಿಯಿತು! ಮುಂದಿನ ಸಲ ಹಾಗಾದರೆ ಮತ್ತೆ ಚೆನ್ನಾಗಿ ಬೇಯಿಸಿ, ಕೈಯಲ್ಲಿ ಪುಡಿ ಮಾಡಿ. ಕೊಬ್ಬರಿ ಎಣ್ಣೆ ಬಿಸಿಗಿಟ್ಟು ಸಾಸಿವೆ, ಉದ್ದಿನಬೇಳೆ, ಕರಿಬೇವು ಒಗ್ಗರಣೆಗೆ ಹಾಕಿ. ಪುಡಿ ಸೇರಿಸಿ ಸಣ್ಣ ಉರಿಯಲ್ಲಿ ತಳ ಕೆಂಪಗಾಗುವ ತನಕ ಬಿಡಿ. ಕೊನೆಗೆ ಕಾಯಿತುರಿ, ಸ್ವಲ್ಪ ಬೆಲ್ಲ. ಎಷ್ಟೋ ಮನೆಯಲ್ಲಿ ಇದಕ್ಕಾಗಿಯೇ ಪತ್ರೊಡೆ ಮಾಡುತ್ತಾರೆ. ಸುರುಳಿ ಸರಿ ಬಂದಿದ್ದರೂ ಬೇಕಂತಲೇ ಪುಡಿ ಮಾಡುತ್ತಾರೆ.

ಕಳಲೆಗೆ ಬರೋಣ. ಇದರಲ್ಲಿ ಮಾತ್ರ ಅವಸರ ಮಾಡಲೇಬೇಡಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಆ ಕಹಿ ಅದರ ಗುರುತು. ನೀವು ಬೆಳಿಗ್ಗೆ ತಂದು ಮಧ್ಯಾಹ್ನ ಪಲ್ಯ ಮಾಡಿದ್ದೀರಿ. ಯಾರೂ ಜಾಸ್ತಿ ತಿನ್ನದೆ ಇದ್ದದ್ದು ಒಳ್ಳೆಯದೇ ಆಯಿತು. ಸಣ್ಣಗೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿಡಿ, ದಿನಾ ನೀರು ಬದಲಿಸಿ. ಆಮೇಲೆ ಮುಚ್ಚಳ ಹಾಕದೆ ಚೆನ್ನಾಗಿ ಕುದಿಸಿ ಆ ನೀರನ್ನೂ ಚೆಲ್ಲಿ. ಸಾರಿಗೆ ಬರುತ್ತೆ ಅಂತ ಎತ್ತಿಡಬೇಡಿ, ದನಕ್ಕೂ ಇಡಬೇಡಿ. ಮಾರ್ಕೆಟ್ಟಿನಲ್ಲಿ ನೆನೆಸಿದ ಕಳಲೆಯೂ ಸಿಗುತ್ತದೆ. ಎಷ್ಟು ದಿನ ನೆಂದಿದೆ ಅಂತ ಕೇಳಿ. ಉತ್ತರ ಸರಿಯಾಗಿ ಬರದಿದ್ದರೆ ಹಸಿಯದೇ ಅಂದುಕೊಂಡು ಮೊದಲಿಂದ ಮಾಡಿ. ಕುದಿಸಿದ ಮೇಲೂ ಕಹಿ ಇದ್ದರೆ ಬಾಣಲೆಗೆ ಹಾಕಲೇಬೇಡಿ.

ತಂಬುಳಿ ಒಡೆದದ್ದಕ್ಕೆ ಕಾರಣ ಸುಲಭ, ಕುದಿಸಿದ್ದು. ದೊಡ್ಡಪತ್ರೆ ಎಲೆಯನ್ನು ಜೀರಿಗೆ, ಮೆಣಸಿನಕಾಳಿನ ಜೊತೆ ತುಪ್ಪದಲ್ಲಿ ಬಾಡಿಸಿ, ಆರಿದ ಮೇಲೆ ಕಾಯಿ ಹಾಕಿ ರುಬ್ಬಿ ಮಜ್ಜಿಗೆಗೆ ಕಲಸಿದರೆ ಮುಗಿಯಿತು. ಒಲೆಗೆ ಇಡುವಂಥದ್ದಲ್ಲ. ಮಜ್ಜಿಗೆಹುಳಿಯನ್ನು ಬಿಸಿ ಮಾಡ್ತೀವಲ್ಲ ಅಂತ ಕೇಳಿದ್ದೀರಿ. ಅದಕ್ಕೆ ನೆನೆಸಿದ ಅಕ್ಕಿಯನ್ನೋ ಕಡಲೆಬೇಳೆಯನ್ನೋ ರುಬ್ಬಿ ಹಾಕಿರುತ್ತೇವೆ. ಮಜ್ಜಿಗೆ ಒಡೆಯದಂತೆ ಹಿಡಿದಿಡುವುದು ಅದು. ತಂಬುಳಿಯಲ್ಲಿ ಆ ಕಾವಲು ಇಲ್ಲ.

ಅಕ್ಕಿ ರೊಟ್ಟಿಗೆ ತಣ್ಣೀರು ಹಾಕಿ ಕಲಸಿದ್ದೀರಿ, ಬಿರುಕು ಬಿಡದೆ ಇನ್ನೇನು? ಅಕ್ಕಿ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ, ಬಿಸಿನೀರೇ ಅದನ್ನು ಹಿಡಿದು ನಿಲ್ಲಿಸಬೇಕು. ನೀರಿಗೆ ಉಪ್ಪು ಹಾಕಿ ಕುದಿಸಿ, ಹಿಟ್ಟು ಸುರಿದು ಮುಚ್ಚಿಡಿ. ಒಲೆ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಿ. ತಣ್ಣಗಾಗಲು ಬಿಟ್ಟರೆ ಮತ್ತೆ ಅದೇ ಬಿರುಕು.

ಇನ್ನೊಮ್ಮೆ ಮಾಡುವ ಮೊದಲು ಎಲೆಯ ಫೋಟೋ ಇಲ್ಲಿ ಹಾಕಿ. ಮುಂಭಾಗ ಮಾತ್ರ ಅಲ್ಲ, ಹಿಂಭಾಗ ಮತ್ತು ದಂಟು ಸೇರುವ ಜಾಗವೂ ಕಾಣಲಿ. ಸಾಗರ, ಹೊಸನಗರ ಕಡೆಯವರು ತುಂಬಾ ಜನ ಇದ್ದಾರೆ, ಯಾವ ಕೆಸು ಅಂತ ಹೇಳುತ್ತಾರೆ. ಅಕ್ಕಿ ಯಾವುದು ಬಳಸಿದಿರಿ ಅನ್ನುವುದನ್ನೂ ಬರೆಯಿರಿ. ಹೊಸ ಅಕ್ಕಿಯಾಗಿದ್ದರೆ ರುಬ್ಬುವಾಗ ನೀರು ಇನ್ನೂ ಕಡಿಮೆ ಮಾಡಬೇಕು.