ಬರೀ ಚಂದ ಉಂಟು ಅಂದ್ರೆ ಜನ ಕೇಳ್ತಾರಾ?

ಪ್ರಶ್ನೆ: ನಮ್ಮದು ಕಾರ್ಕಳ ತಾಲೂಕು. ಮನೆ ಹಿಂದೆ ದೊಡ್ಡ ಪದವು, ಅಂದ್ರೆ ಗುಡ್ಡೆ ಮೇಲಿನ ಕಲ್ಲು ಬಯಲು ಉಂಟು, ಬೇಸಿಗೆಯಲ್ಲಿ ಬರೀ ಕಪ್ಪು ಮುರಕಲ್ಲು, ಆದ್ರೆ ಮಳೆಗಾಲದ ಆಟಿ ತಿಂಗಳಲ್ಲಿ ಹೋದ್ರೆ ಕಾಲಿಡ್ಲಿಕ್ಕೆ ಜಾಗ ಇಲ್ಲದ ಹಾಗೆ ನೀಲಿ, ಬಿಳಿ ಸಣ್ಣ ಹೂಗಳು. ಈಗ ಅಲ್ಲಿ ಕಲ್ಲಿನ ಕೋರೆ ಮಾಡ್ತಾರೆ ಅಂತ ಸುದ್ದಿ. ಬೇಡ ಅಂದ್ರೆ "ಆ ಬೋಳು ಗುಡ್ಡೆಯಲ್ಲಿ ಎಂತ ಉಂಟು ಮಾರಾಯ್ರೆ" ಅಂತಾರೆ. ಬರೀ ನೋಡ್ಲಿಕ್ಕೆ ಚಂದ ಅಂತ ಜಾಗ ಉಳಿಸಿಕೊಂಡದ್ದು ಎಲ್ಲಾದ್ರೂ ಉಂಟಾ, ಜನರನ್ನು ಒಪ್ಪಿಸಿದ್ದು ಹೇಗೆ?
– ಒಬ್ಬ ಓದುಗರು

ಉತ್ತರ: ಉಂಟು, ಶುರುವಾದದ್ದೇ ಹಾಗೆ. ಅಮೆರಿಕದಲ್ಲಿ ಕಾರ್ಲ್ಟನ್ ವಾಟ್ಕಿನ್ಸ್ ಅನ್ನೋ ಫೋಟೋಗ್ರಾಫರ್ 1861ರಲ್ಲಿ ದೊಡ್ಡ ಕ್ಯಾಮೆರಾ, ಗಾಜಿನ ಪ್ಲೇಟು ಎಲ್ಲ ಹೇಸರಗತ್ತೆ ಮೇಲೆ ಹೇರಿಕೊಂಡು ಯೊಸೆಮಿಟಿ ಕಣಿವೆಗೆ ಹೋಗಿ ಚಿತ್ರ ತೆಗೆದ, ಅಷ್ಟು ದೂರ ಹೋಗಿ ನೋಡಿರದ ಜನಕ್ಕೂ ಆ ಜಾಗ ಕಣ್ಣಿಗೆ ಬಿತ್ತು, 1864ರಲ್ಲಿ ಲಿಂಕನ್ ಸಹಿ ಹಾಕಿ ಅದನ್ನು ಸಾರ್ವಜನಿಕರಿಗಾಗಿ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ವಹಿಸಿದ್ರು.

ಆದ್ರೆ ನಿಮ್ಮ ಕಷ್ಟಕ್ಕೆ ಹತ್ತಿರದ್ದು ನಯಾಗರ. ಅದು ಯಾರಿಗೂ ಗೊತ್ತಿಲ್ಲದ ಜಾಗ ಅಲ್ಲ, ಲೋಕವೇ ನೋಡ್ಲಿಕ್ಕೆ ಬರ್ತಿತ್ತು, ಹಾಗಿದ್ರೂ ದಡದ ಭೂಮಿಯೆಲ್ಲ ಖಾಸಗಿಯವರ ಕೈಗೆ ಹೋಗಿ, ಮಿಲ್ಲುಗಳು ಎದ್ದು, ಬೇಲಿ ಬಿದ್ದು, ಜಲಪಾತ ನೋಡ್ಬೇಕಾದ್ರೆ ದುಡ್ಡು ಕೊಡ್ಬೇಕು ಅನ್ನೋ ಸ್ಥಿತಿ. ಪಾರ್ಕ್ ವಿನ್ಯಾಸಕಾರ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತೆ ಅವರ ಗೆಳೆಯರು 1880ರಲ್ಲಿ ದೊಡ್ಡ ದೊಡ್ಡ ಸಾಹಿತಿಗಳ ಸಹಿ ಹಾಕಿಸಿ ಮನವಿ ಕೊಟ್ಟರು. ನ್ಯೂಯಾರ್ಕ್ ರಾಜ್ಯದ ರಾಜ್ಯಪಾಲ ಒಪ್ಪಲಿಲ್ಲ! ದೊಡ್ಡವರ ಸಹಿ ಮಾತ್ರ ಸಾಲದು ಅಂತ ಆಗ ಗೊತ್ತಾಯ್ತು ಅಂತ ನನಗನಿಸ್ತದೆ, ಯಾಕಂದ್ರೆ ಆಮೇಲೆ ಅವರು ಬರೆಯುವವರನ್ನು ಅಲ್ಲಿಗೇ ಕಳಿಸಿದ್ರು. 1882ರಲ್ಲಿ ಜೆ. ಬಿ. ಹ್ಯಾರಿಸನ್ ಅನ್ನೋರು ಅಲ್ಲಿ ಕಂಡದ್ದನ್ನೆಲ್ಲ ನ್ಯೂಯಾರ್ಕ್, ಬಾಸ್ಟನ್ ಪೇಪರ್‌ಗಳಿಗೆ ಪತ್ರದ ಮೇಲೆ ಪತ್ರ ಬರೆದ್ರು. ಮನೆಯಲ್ಲಿ ಕೂತು ಓದಿದವರಿಗೆ ಇದು ನಮ್ಮದೂ ಹೌದಲ್ವಾ ಅನ್ನಿಸಿತು. 1885ರಲ್ಲಿ ರಾಜ್ಯವೇ 14 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಭೂಮಿ ಬಿಡಿಸಿಕೊಂಡು, ಜುಲೈ 15ಕ್ಕೆ ಎಲ್ಲರಿಗೂ ಪುಕ್ಕಟೆ ತೆರೆದಿಟ್ಟಿತು.

ಹಾಗಾಗಿ ನೀವು ಚಂದ ಉಂಟು ಅಂತ ವಾದ ಮಾಡ್ಲಿಕ್ಕೆ ಹೋಗ್ಬೇಡಿ, ತೋರಿಸಿ. ಬೋಳು ಗುಡ್ಡೆ ಅನ್ನುವವರು ಮಳೆಗಾಲದಲ್ಲಿ ಅಲ್ಲಿಗೆ ಹತ್ತಿದವರೇ ಅಲ್ಲ. ಒಂದೇ ಜಾಗದಲ್ಲಿ ನಿಂತು ಏಪ್ರಿಲಲ್ಲಿ ಒಂದು, ಆಗಸ್ಟಲ್ಲಿ ಒಂದು ಫೋಟೋ ತೆಗೀರಿ. ಶಾಲೆ ಮಕ್ಕಳನ್ನು ಕರ್ಕೊಂಡು ಹೋಗಿ, ಆ ನೀಲಿ ಹೂಗಳಲ್ಲಿ ಸಣ್ಣ ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಜಾತಿಯೂ ಉಂಟು ಅಂತ ಹೇಳಿ ನೋಡಿ, ಮಕ್ಕಳು ಬಗ್ಗಿದವರು ಏಳುದಿಲ್ಲ.

ಜೊತೆಗೆ ಕಾನೂನಿನ ದಾರಿಯೂ ಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಒಂದು ಸಮಿತಿ ಇರ್ಬೇಕು, ಊರಿನ ಗಿಡ, ಹೂ, ಪ್ರಾಣಿಗಳ ದಾಖಲೆ ಅವರೇ ಇಡುದು. ನಿಮ್ಮ ಪದವಿನದ್ದು ಅದರಲ್ಲಿ ಬಂತಾ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಿ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪಿಗೆ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಮಾನ್ಯತೆ ಸಿಕ್ಕಿದ್ದು ಇದೇ ಕಾಯ್ದೆಯಲ್ಲಿ.

ಆಗಸ್ಟ್ ಫೋಟೋ ತೆಗೆದಾಗ ನಮಗೂ ಒಂದು ಕಳಿಸಿ, ಇದೇ ಪುಟದಲ್ಲಿ ಹಾಕ್ತೇವೆ.